ಟ್ರಂಕ್ ಕರೆಯಿಂದ ಒಟಿಪಿಯವರೆಗೆ: ಸುಲಭವಾದ ಯಂತ್ರ, ಭಾರವಾದ ಹೊಣೆ

2025ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಅನೇಕ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಹಾಗೂ ಚಹಾ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬರಹ ಕಾಣಿಸಿಕೊಂಡಿತು. ಅದುವರೆಗೆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಅಂಟಿಸಿದ್ದ ಕ್ಯೂಆರ್ ಸಂಕೇತದ ಹಾಳೆಯನ್ನು ವ್ಯಾಪಾರಿಗಳೇ ಕಿತ್ತುಹಾಕಿದರು. ಯುಪಿಐ ಮೂಲಕ ಸ್ವೀಕರಿಸಿದ ಮೊತ್ತದ ವಿವರಗಳನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಜಾರಿ ಮಾಡಿದ್ದೇ ಇದಕ್ಕೆ ಕಾರಣ. ಸರಕು ಮಾರಾಟದಲ್ಲಿ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆಗಳಲ್ಲಿ 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯವೆಂಬುದು ಇಲಾಖೆಯ ವಾದವಾಗಿತ್ತು. ವ್ಯಾಪಾರಿಗಳು ಜುಲೈ 25ರಂದು ಬಂದ್ ಆಚರಿಸುವುದಾಗಿ ಘೋಷಿಸಿದರು. ಅದಕ್ಕೆ ಎರಡು ದಿನ ಮುಂಚೆ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಸಭೆ ನಡೆಸಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂಬ ಭರವಸೆ ನೀಡಿದ ಬಳಿಕ ವಿವಾದ ತಣ್ಣಗಾಯಿತು.

ತೆರಿಗೆ ಕೇಳಿದ್ದು ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ. ಆದರೆ ಆ ಕೆಲವು ವಾರಗಳು ಇನ್ನೊಂದು ಸತ್ಯವನ್ನು ಹೊರಗೆಡವಿದವು. ಹಾಳೆಯೊಂದನ್ನು ಗೋಡೆಗೆ ಅಂಟಿಸುವುದಕ್ಕಿಂತ ಸುಲಭವಾದ ಕೆಲಸ ಅಂಗಡಿಯಲ್ಲಿ ಮತ್ತೊಂದಿರಲಿಲ್ಲ. ಆ ಹಾಳೆಯ ಹಿಂದೆ ಬ್ಯಾಂಕು, ದೂರಸಂಪರ್ಕ ಜಾಲ, ತೆರಿಗೆ ಇಲಾಖೆಗಳೆಲ್ಲ ಒಂದೇ ಸರಪಳಿಯಲ್ಲಿ ಸೇರಿಕೊಂಡಿವೆ ಎಂಬುದು ಮಾತ್ರ ಅದನ್ನು ಅಂಟಿಸಿದವನಿಗೆ ತಿಳಿದಿರಲಿಲ್ಲ. ತಿಳಿಸಿ ಹೇಳುವ ಹೊಣೆಯೂ ಯಾರ ಮೇಲೂ ಇರಲಿಲ್ಲ.

ದಿನಬಳಕೆಯ ತಂತ್ರಜ್ಞಾನವು ಸರಳತೆಯಿಂದ ಸಂಕೀರ್ಣತೆಗೆ ಸಾಗಿತೆಂದು ಹೇಳುವುದು ವಾಡಿಕೆ. ಬಳಸುವವನ ಕಡೆಯಿಂದ ನೋಡಿದರೆ ಚಿತ್ರ ತಿರುವುಮುರುವಾಗಿದೆ. ಯಂತ್ರದ ಒಡಲು ಸಂಕೀರ್ಣವಾದಷ್ಟೂ ಅದರ ಹೊರಮೈ ಸುಲಭವಾಗುತ್ತ ಬಂದಿತು. ಅದರ ಜೊತೆಜೊತೆಗೇ, ಏನಾದರೂ ಎಡವಟ್ಟಾದಾಗ ಹೊರಬೇಕಾದ ಹೊಣೆ ವ್ಯವಸ್ಥೆಯಿಂದ ಬಳಕೆದಾರನ ಹೆಗಲಿಗೆ ಜಾರುತ್ತ ಹೋಯಿತು. ಇದನ್ನು ಅರಿಯಲು ದೂರವಾಣಿಗಿಂತ ಉತ್ತಮ ನಿದರ್ಶನ ದೊರೆಯಲಾರದು. ಆ ಕಥೆಯ ಮುಖ್ಯ ಅಧ್ಯಾಯಗಳಲ್ಲಿ ಕೆಲವು ಕರ್ನಾಟಕದಲ್ಲಿಯೇ ಬರೆಯಲ್ಪಟ್ಟಿವೆ ಎಂಬುದು ವಿಶೇಷ.

ತಂತಿಯ ನಡುವೆ ಮನುಷ್ಯ

ಭಾರತದಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ಆರಂಭವಾದದ್ದು 1882ರ ಜನವರಿಯಲ್ಲಿ, ಕಲ್ಕತ್ತ, ಬೊಂಬಾಯಿ ಹಾಗೂ ಮದರಾಸು ನಗರಗಳಲ್ಲಿ. ಆ ಕಾಲದ ದೂರವಾಣಿ ತೀರಾ ಸರಳ ಉಪಕರಣ. ಮಾತನಾಡುವ ಒಂದು ಭಾಗ, ಕೇಳುವ ಇನ್ನೊಂದು ಭಾಗ, ನಡುವೆ ಒಂದು ಜೊತೆ ತಾಮ್ರದ ತಂತಿ. ಬುದ್ಧಿಯೆಲ್ಲ ಇದ್ದದ್ದು ವಿನಿಮಯ ಕೇಂದ್ರದಲ್ಲಿ ಕುಳಿತ ಆಪರೇಟರ್ ಬಳಿ. ಚಂದಾದಾರ ಫೋನೆತ್ತಿದರೆ ಅತ್ತ ಒಂದು ದೀಪ ಹೊತ್ತಿಕೊಳ್ಳುತ್ತಿತ್ತು ಅಥವಾ ಮುಚ್ಚಳವೊಂದು ಕೆಳಗೆ ಬೀಳುತ್ತಿತ್ತು. ಆಪರೇಟರ್ ‘ಯಾವ ನಂಬರ್?’ ಎಂದು ಕೇಳಿ, ಫಲಕದ ಮೇಲಿನ ರಂಧ್ರಕ್ಕೆ ತಂತಿ ಚುಚ್ಚಿ ಸಂಪರ್ಕ ಕಲ್ಪಿಸುತ್ತಿದ್ದರು.

ದೂರದ ಊರಿಗೆ ಮಾತನಾಡಬೇಕಾದರೆ ಟ್ರಂಕ್ ಕರೆ ಕಾಯ್ದಿರಿಸಬೇಕಿತ್ತು. 180ಕ್ಕೆ ಡಯಲ್ ಮಾಡಿ ಊರು, ಸಂಖ್ಯೆ ಹೇಳಿ ಕಾಯುತ್ತ ಕೂಡಬೇಕು. ಸಾಮಾನ್ಯ ಕರೆಗೆ ಒಂದು ದರ, ಅರ್ಜೆಂಟ್ ಕರೆಗೆ ಅದಕ್ಕಿಂತ ಹೆಚ್ಚಿನ ದರ, ಲೈಟ್ನಿಂಗ್ ಕರೆಗೆ ಇನ್ನೂ ಹೆಚ್ಚು. ನಿರ್ದಿಷ್ಟ ವ್ಯಕ್ತಿಯೇ ಬಂದು ಮಾತನಾಡಬೇಕೆಂದರೆ ‘ಪಿಪಿ ಕಾಲ್’ ಎಂದು ಹೇಳಬೇಕಿತ್ತು. ಹುಬ್ಬಳ್ಳಿಯಿಂದ ಮುಂಬಯಿಗೆ ಕಾಯ್ದಿರಿಸಿದ ಕರೆ ಗಂಟೆಗಟ್ಟಲೆ ಕಾದ ಮೇಲೆ ಸಿಕ್ಕರೂ, ಮೂರು ನಿಮಿಷ ಮುಗಿಯುತ್ತಲೇ ‘ಮುಂದುವರಿಸಬೇಕೇ?’ ಎಂಬ ಪ್ರಶ್ನೆ ನಡುವೆ ತೂರಿಬರುತ್ತಿತ್ತು.

ಈ ವ್ಯವಸ್ಥೆಯನ್ನು ಹೊಗಳಬೇಕಾದ ಅಗತ್ಯವಿಲ್ಲ. ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿದ್ದದ್ದು ಸುಮಾರು 80 ಸಾವಿರ ದೂರವಾಣಿಗಳು. ಸಂಪರ್ಕಕ್ಕಾಗಿ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯಬೇಕಾಗಿತ್ತು. ದೂರವಾಣಿ ಎಂಬುದು ಅಧಿಕಾರಿಗಳ, ವೈದ್ಯರ, ಮಂಡಿ ವರ್ತಕರ ಮನೆಯ ವಸ್ತುವಾಗಿತ್ತು. ಆದರೆ ಒಂದು ಸಂಗತಿಯನ್ನು ಅಲ್ಲಗಳೆಯುವಂತಿಲ್ಲ. ಕರೆ ಸಿಗದಿದ್ದರೆ ಅದು ಚಂದಾದಾರನ ತಪ್ಪಾಗಿರುತ್ತಿರಲಿಲ್ಲ. ಸಂಖ್ಯೆ ಗೊತ್ತಿಲ್ಲದಿದ್ದರೆ 197ಕ್ಕೆ, ದೂರವಾಣಿ ಕೆಟ್ಟರೆ 198ಕ್ಕೆ ಹೇಳಿದರೆ ಮುಂದಿನದು ಇಲಾಖೆಯ ಕೆಲಸ. ಉತ್ತರ ಕೊಡುತ್ತಿದ್ದವರು ತಡಮಾಡುತ್ತಿದ್ದರು, ಗದರುತ್ತಿದ್ದರು. ಆದರೂ ಮಾತು ಕನ್ನಡದಲ್ಲಿರುತ್ತಿತ್ತು, ಅತ್ತ ಕಡೆ ಒಬ್ಬ ಮನುಷ್ಯರಿರುತ್ತಿದ್ದರು.

ಡಯಲ್ ತಿರುಗಿದ ಬಳಿಕ

ನಡುವಿನ ಮನುಷ್ಯರನ್ನು ತೆಗೆದುಹಾಕುವ ಯತ್ನ ಶುರುವಾದದ್ದು ಅಮೆರಿಕದಲ್ಲಿ. ಶವಸಂಸ್ಕಾರದ ವ್ಯವಹಾರ ನಡೆಸುತ್ತಿದ್ದ ಆಲ್ಮನ್ ಸ್ಟ್ರೌಜರ್ ಎಂಬುವವರು 1891ರಲ್ಲಿ ಸ್ವಯಂಚಾಲಿತ ವಿನಿಮಯ ಯಂತ್ರಕ್ಕೆ ಹಕ್ಕುಪತ್ರ ಪಡೆದರು. ತಮಗೆ ಬರಬೇಕಾದ ಕರೆಗಳನ್ನು ಆಪರೇಟರ್ ಪ್ರತಿಸ್ಪರ್ಧಿಯ ಕಡೆಗೆ ತಿರುಗಿಸುತ್ತಿದ್ದಾರೆಂಬ ಅನುಮಾನವೇ ಈ ಶೋಧಕ್ಕೆ ಪ್ರೇರಣೆಯಾಯಿತೆಂಬ ಕಥೆ ಪ್ರಚಲಿತದಲ್ಲಿದೆ. ಈ ಯಂತ್ರದ ತತ್ತ್ವ ಸರಳ. ಡಯಲಿನಲ್ಲಿ 5 ತಿರುಗಿಸಿದರೆ ತಂತಿಯಲ್ಲಿ ವಿದ್ಯುತ್ತು ಐದು ಬಾರಿ ಕಡಿದು ಸೇರುತ್ತದೆ. ಸೊನ್ನೆ ತಿರುಗಿಸಿದರೆ ಹತ್ತು ಬಾರಿ. ಆ ಮಿಡಿತಗಳನ್ನು ಎಣಿಸುತ್ತ ವಿನಿಮಯ ಕೇಂದ್ರದ ಲೋಹದ ತೋಳು ಮೆಟ್ಟಿಲು ಮೆಟ್ಟಿಲಾಗಿ ಏರಿ ಸರಿಯಾದ ತಂತಿಯನ್ನು ಮುಟ್ಟುತ್ತದೆ.

ಸ್ವತಂತ್ರ ಭಾರತದಲ್ಲಿ ಇಂತಹ ಯಂತ್ರಗಳ ತಯಾರಿಕೆಗಾಗಿ 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾಯಿತು. ಕಾರ್ಖಾನೆಯ ಸುತ್ತ ಬೆಳೆದ ಊರಿಗೆ ದೂರವಾಣಿನಗರ ಎಂಬ ಹೆಸರೇ ನಿಂತಿತು. ದಶಕಗಳ ಕಾಲ ಸರ್ಕಾರಿ ಕಚೇರಿಗಳಲ್ಲೂ ಮನೆಗಳಲ್ಲೂ ಕಾಣುತ್ತಿದ್ದ ಭಾರವಾದ ಕಪ್ಪು ಫೋನುಗಳು ಬಂದದ್ದು ಇಲ್ಲಿಂದಲೇ. ಆ ಫೋನಿನ ಒಂದು ಗುಣ ಇಂದಿಗೂ ನೆನಪಿಡತಕ್ಕದ್ದು. ಅದಕ್ಕೆ ಬೇಕಾದ ವಿದ್ಯುತ್ತು ವಿನಿಮಯ ಕೇಂದ್ರದ ಬ್ಯಾಟರಿಗಳಿಂದ ಅದೇ ತಂತಿಯ ಮೂಲಕ ಬರುತ್ತಿದ್ದುದರಿಂದ, ಮನೆಯಲ್ಲಿ ಕರೆಂಟು ಹೋದರೂ ಫೋನು ಮಾತನಾಡುತ್ತಿತ್ತು. ಅದನ್ನು ಚಾರ್ಜ್ ಮಾಡುವ ಚಿಂತೆ ಯಾರಿಗೂ ಇರಲಿಲ್ಲ.

1960ರ ನವೆಂಬರ್‌ನಲ್ಲಿ ಲಖನೌ ಮತ್ತು ಕಾನ್ಪುರದ ನಡುವೆ ದೇಶದ ಮೊದಲ ಎಸ್‌ಟಿಡಿ ಸೌಲಭ್ಯ ಆರಂಭವಾಯಿತು. ಅಂದಿನಿಂದ ಒಂದೊಂದೇ ಊರಿಗೆ ಸಂಕೇತ ಸಂಖ್ಯೆ ಬಂದು, ಟ್ರಂಕ್ ಆಪರೇಟರ್ ಹಿಂದೆ ಸರಿದರು. ಹೊಣೆಯ ಮೊದಲ ವರ್ಗಾವಣೆ ಇದು. ಸಂಖ್ಯೆಯನ್ನು ನೆನಪಿಡುವುದು, ಸರಿಯಾಗಿ ತಿರುಗಿಸುವುದು, ತಪ್ಪಿದರೆ ಹಣ ತೆರುವುದು ಇನ್ನು ಮೇಲೆ ಚಂದಾದಾರನ ಪಾಲಿಗೆ ಬಂದಿತು. ಗಂಟೆಗಟ್ಟಲೆ ಕಾಯುವುದು ತಪ್ಪಿದ ಸಂತೋಷದಲ್ಲಿ ಈ ಬದಲಾವಣೆಯನ್ನು ಯಾರೂ ಗಮನಿಸಲಿಲ್ಲ; ಗಮನಿಸುವಷ್ಟು ದೊಡ್ಡದೂ ಆಗಿರಲಿಲ್ಲ.

ಕಿತ್ತೂರಿನಿಂದ ಹಳದಿ ಫಲಕದವರೆಗೆ

ದೂರವಾಣಿಯನ್ನು ಹಳ್ಳಿಗೆ ಒಯ್ಯಲು ವಿದೇಶಿ ಯಂತ್ರಗಳು ಅಡ್ಡಿಯಾಗಿದ್ದವು. ಅವು ಧೂಳನ್ನು ತಾಳುತ್ತಿರಲಿಲ್ಲ, ಹವಾನಿಯಂತ್ರಣವಿಲ್ಲದೆ ನಡೆಯುತ್ತಿರಲಿಲ್ಲ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ ಇದಕ್ಕೆ ದೇಶೀಯ ಪರಿಹಾರ ಹುಡುಕಿತು. ಬಿಸಿಲು, ಧೂಳು, ಅನಿಶ್ಚಿತ ವಿದ್ಯುತ್ತಿನ ನಡುವೆಯೂ ಕೆಲಸ ಮಾಡಬಲ್ಲ, ಹವಾನಿಯಂತ್ರಣ ಬೇಡದ, 128 ಸಂಪರ್ಕಗಳ ಪುಟ್ಟ ಗ್ರಾಮೀಣ ವಿನಿಮಯ ಕೇಂದ್ರವೊಂದು ಸಿದ್ಧವಾಯಿತು. ಅದು ಮೊದಲು ಕಾರ್ಯಾರಂಭ ಮಾಡಿದ್ದು 1986ರ ಜುಲೈನಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಊರೆಂದು ಪ್ರಸಿದ್ಧವಾದ ಕಿತ್ತೂರು ಭಾರತದ ಗ್ರಾಮೀಣ ದೂರವಾಣಿಯ ಇತಿಹಾಸದಲ್ಲಿಯೂ ಮೊದಲ ಹೆಸರು ಎಂಬುದು ಬಹುಮಂದಿಗೆ ತಿಳಿಯದು.

ಇದೇ ಅವಧಿಯಲ್ಲಿ ಬೀದಿ ಬೀದಿಗೂ ಬಂದದ್ದು ‘ಎಸ್‌ಟಿಡಿ, ಐಎಸ್‌ಡಿ, ಪಿಸಿಒ’ ಎಂಬ ಹಳದಿ ಫಲಕ. ಗಾಜಿನ ಬಾಗಿಲಿನ ಪುಟ್ಟ ಗೂಡು, ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಏರುವ ಮೀಟರು, ಮಾತು ಮುಗಿಯುತ್ತಲೇ ಹೊರಬರುವ ಚೀಟಿ. ರಾತ್ರಿಯಾಗುತ್ತಿದ್ದಂತೆ ದರ ಅರ್ಧಕ್ಕೆ, ಇನ್ನೂ ತಡವಾದರೆ ಕಾಲು ಭಾಗಕ್ಕೆ ಇಳಿಯುತ್ತಿದ್ದುದರಿಂದ ಆ ಹೊತ್ತಿಗೆ ಬೂತಿನ ಮುಂದೆ ಸಾಲು ಬೆಳೆಯುತ್ತಿತ್ತು. ಅಂಗವಿಕಲರಿಗೆ ಈ ಬೂತುಗಳ ಹಂಚಿಕೆಯಲ್ಲಿ ಆದ್ಯತೆ ಇದ್ದುದರಿಂದ ಎಷ್ಟೋ ಕುಟುಂಬಗಳಿಗೆ ಅದು ಜೀವನಾಧಾರವೂ ಆಯಿತು.

ಬೂತು ಸಾಧಿಸಿದ್ದು ಸಾಮಾನ್ಯ ಸಂಗತಿಯಲ್ಲ. ಅದು ಫೋನಿನ ಮಾಲೀಕತ್ವದಿಂದ ಫೋನಿನ ಬಳಕೆಯನ್ನು ಬೇರ್ಪಡಿಸಿತು. ಫೋನು ಕೊಳ್ಳಲಾಗದವನೂ, ಅಕ್ಷರ ಬಾರದವನೂ ಚೀಟಿಯಲ್ಲಿ ಬರೆದ ಸಂಖ್ಯೆಯನ್ನು ಬೂತಿನವನ ಕೈಗಿತ್ತು ‘ಸ್ವಲ್ಪ ಹಚ್ಚಿಕೊಡಿ’ ಎನ್ನಬಹುದಾಗಿತ್ತು. ತಂತ್ರಜ್ಞಾನ ಬಲ್ಲ ಒಬ್ಬ, ಬಾರದ ನೂರು ಮಂದಿಗೆ ಸಾಕಾಗುತ್ತಿದ್ದ. ಆ ಸೇವೆಗೆ ತೆತ್ತ ಬೆಲೆ ಚೀಟಿಯ ಮೇಲೆ ಮುದ್ರಿತವಾಗಿರುತ್ತಿತ್ತು; ಅದರಾಚೆಗೆ ಗ್ರಾಹಕ ಏನನ್ನೂ ಒಪ್ಪಿಸುತ್ತಿರಲಿಲ್ಲ.

ಜೇಬಿಗಿಳಿದ ದೂರವಾಣಿ

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತದಿಂದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ಮಾಡಿದ ಕರೆಯೊಂದಿಗೆ ದೇಶದಲ್ಲಿ ಸಂಚಾರಿ ದೂರವಾಣಿಯ ಯುಗ ಆರಂಭವಾಯಿತು. ಮೊದಲ ವರ್ಷಗಳಲ್ಲಿ ಅದು ಶ್ರೀಮಂತರ ವಸ್ತು. ನಿಮಿಷಕ್ಕೆ 16 ರೂಪಾಯಿಯವರೆಗೂ ದರವಿತ್ತು. ಒಳಬರುವ ಕರೆಗೂ ಹಣ ತೆರಬೇಕಿತ್ತು. 1999ರ ಹೊಸ ದೂರಸಂಪರ್ಕ ನೀತಿಯ ತರುವಾಯ ಸ್ಪರ್ಧೆ ಹೆಚ್ಚಿತು. 2003ರಲ್ಲಿ ಒಳಬರುವ ಕರೆ ಉಚಿತವಾದ ಬಳಿಕ ಮೊಬೈಲು ಆಟೋ ಚಾಲಕರ, ಗಾರೆ ಕೆಲಸದವರ, ಹೂ ಮಾರುವವರ ಕೈಗೂ ಬಂದಿತು.

ಅದೇ ವರ್ಷ ಮಾರುಕಟ್ಟೆಗೆ ಬಂದ ನೋಕಿಯಾ 1100 ಆ ಕಾಲದ ಪ್ರತೀಕ. ಟಾರ್ಚು, ದಿನಗಟ್ಟಲೆ ಬಾಳುವ ಬ್ಯಾಟರಿ, ಧೂಳು ಹೊಗದ ಕೀಲಿಮಣೆ ಅದರ ವಿಶೇಷಗಳಾಗಿದ್ದವು. ಭಾರತೀಯ ಬಳಕೆದಾರ ತಂತ್ರಜ್ಞಾನವನ್ನು ತನ್ನಂತೆ ಬಗ್ಗಿಸಿಕೊಂಡದ್ದೂ ಆಗಲೇ. ಮಿಸ್ಡ್ ಕಾಲ್ ಎಂಬುದು ಒಂದು ಪೈಸೆ ಖರ್ಚಿಲ್ಲದ ಸಂದೇಶವಾಯಿತು. ಒಮ್ಮೆ ರಿಂಗಾದರೆ ‘ತಲುಪಿದೆ’, ಎರಡು ಬಾರಿಯಾದರೆ ‘ನೀನೇ ಮಾಡು’. ರೈತ ಮನೆಯಿಂದಲೇ ಎಪಿಎಂಸಿ ಧಾರಣೆ ಕೇಳಿಕೊಂಡ. ದೂರದ ಊರಿಗೆ ದುಡಿಯಲು ಹೋದವನ ಕ್ಷೇಮಸಮಾಚಾರ ಅದೇ ದಿನ ಮನೆಗೆ ತಲುಪಿತು. 2013ರ ಜುಲೈನಲ್ಲಿ ತಂತಿ ಸೇವೆ ಕೊನೆಗೊಂಡಾಗ ಅದಕ್ಕಾಗಿ ಮರುಗಿದವರಿದ್ದರು, ಅದರ ಅವಶ್ಯಕತೆ ಉಳಿದಿದ್ದವರು ವಿರಳ.

ಈ ಹಂತದವರೆಗೆ ಲಾಭನಷ್ಟಗಳ ತಕ್ಕಡಿ ಸ್ಪಷ್ಟವಾಗಿ ಲಾಭದ ಕಡೆಗೇ ವಾಲಿತ್ತೆಂದು ಹೇಳಬೇಕು. ಫೋನು ಕಳೆದುಹೋದರೆ ಹೋಗುತ್ತಿದ್ದದ್ದು ಒಂದು ಫೋನು ಮತ್ತು ಅದರಲ್ಲಿ ಬರೆದಿಟ್ಟ ಕೆಲವು ಸಂಖ್ಯೆಗಳು ಮಾತ್ರ.

ಸಂಖ್ಯೆಯೇ ಗುರುತಾದಾಗ

ಬದಲಾವಣೆಯ ನಿಜವಾದ ತಿರುವು ಸದ್ದಿಲ್ಲದೆ ಬಂದಿತು. ಕಾರ್ಡು ಬಳಸಿ ಅಂತರಜಾಲದಲ್ಲಿ ನಡೆಸುವ ಪಾವತಿಗಳಿಗೆ ಹೆಚ್ಚುವರಿ ದೃಢೀಕರಣ ಕಡ್ಡಾಯವೆಂದು ರಿಸರ್ವ್ ಬ್ಯಾಂಕ್ ವಿಧಿಸಿದ ನಿಯಮ 2009ರ ಆಗಸ್ಟ್‌ನಲ್ಲಿ ಜಾರಿಗೆ ಬಂದಿತು. ಈ ದೃಢೀಕರಣಕ್ಕೆ ಬ್ಯಾಂಕುಗಳು ಕಂಡುಕೊಂಡ ಸುಲಭ ದಾರಿ, ಒಂದೇ ಬಾರಿ ಬಳಸಬಹುದಾದ ಗುಪ್ತಸಂಖ್ಯೆಯನ್ನು ಮೊಬೈಲಿಗೆ ಕಳುಹಿಸುವುದು. ಒಟಿಪಿ ಎಂಬ ಮೂರಕ್ಷರ ಕನ್ನಡದ ಮನೆಮಾತಾದದ್ದು ಹೀಗೆ. ನಂತರ ಅಡುಗೆ ಅನಿಲ, ಪಡಿತರ ಚೀಟಿ, ಪಿಂಚಣಿ, ವಿದ್ಯಾರ್ಥಿವೇತನ, ಆಸ್ಪತ್ರೆಯ ನೋಂದಣಿ ಎಲ್ಲವೂ ಅದೇ ಹಾದಿ ಹಿಡಿದವು.

2016ರ ಏಪ್ರಿಲ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಯುಪಿಐ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಗ್ಗವಾದ 4ಜಿ ದತ್ತಾಂಶ ಮತ್ತು ನವೆಂಬರ್‌ನ ನೋಟು ಅಮಾನ್ಯೀಕರಣದ ಬಲದಿಂದ ಯಾರೂ ನಿರೀಕ್ಷಿಸದ ವೇಗದಲ್ಲಿ ಬೆಳೆಯಿತು. ಜಪಾನಿನ ಡೆನ್ಸೊ ಸಮೂಹದ ಕಾರ್ಖಾನೆಗಳಲ್ಲಿ ವಾಹನದ ಬಿಡಿಭಾಗಗಳ ಲೆಕ್ಕಕ್ಕೆಂದು 1994ರಲ್ಲಿ ರೂಪಿಸಿದ ಕ್ಯೂಆರ್ ಸಂಕೇತ, ಮೂರು ದಶಕಗಳ ಬಳಿಕ ಎಳನೀರಿನ ಗಾಡಿಯ ಮೇಲೆ ನೇತಾಡಿತು. 2025ರ ಆಗಸ್ಟ್ ತಿಂಗಳೊಂದರಲ್ಲಿಯೇ ಯುಪಿಐ ಮೂಲಕ ನಡೆದ ವಹಿವಾಟುಗಳ ಸಂಖ್ಯೆ 2 ಸಾವಿರ ಕೋಟಿ ದಾಟಿತು.

ಇದೊಂದು ಅಸಾಧಾರಣ ಸಾಧನೆ. ಇದರ ಬುನಾದಿ ಮಾತ್ರ ಹತ್ತು ಅಂಕಿಗಳ ಮೊಬೈಲ್ ಸಂಖ್ಯೆ. ಮಾತನಾಡಲೆಂದು ಪಡೆದ ಸಂಖ್ಯೆ ಈಗ ಬ್ಯಾಂಕಿನ ಬೀಗದ ಕೈ, ಸರ್ಕಾರದ ಮುಂದೆ ನಾಗರಿಕನ ಗುರುತು. ಆದರೆ ಆ ಸಂಖ್ಯೆ ನಾಗರಿಕನದಲ್ಲ. ಪ್ರೀಪೇಯ್ಡ್ ಸಂಪರ್ಕವನ್ನು 90 ದಿನ ಬಳಸದೆ, ಖಾತೆಯಲ್ಲಿ ಕನಿಷ್ಠ ಮೊತ್ತವನ್ನೂ ಉಳಿಸದೆ ಇದ್ದರೆ ಅದು ರದ್ದಾಗಬಹುದು; ರದ್ದಾದ 90 ದಿನಗಳ ತರುವಾಯ ಅದೇ ಸಂಖ್ಯೆ ಬೇರೊಬ್ಬರಿಗೆ ಹಂಚಿಕೆಯಾಗಬಹುದು. ಈ ಮರುಹಂಚಿಕೆಯ ವಿಷಯ 2023ರಲ್ಲಿ ಸುಪ್ರೀಂ ಕೋರ್ಟ್ ಮುಂದೆಯೂ ಬಂದಿತ್ತು. ಹಳೆಯ ಸಂಖ್ಯೆಯಿಂದ ಖಾಸಗಿ ವಿವರಗಳನ್ನು ಬಿಡಿಸಿಕೊಳ್ಳುವ ಎಚ್ಚರಿಕೆಯನ್ನು ಚಂದಾದಾರರೇ ವಹಿಸಬೇಕೆಂಬುದು ಅಲ್ಲಿ ವ್ಯಕ್ತವಾದ ಅಭಿಪ್ರಾಯ.

ರೀಚಾರ್ಜ್ ಮಾಡಿಸಲಾಗದ ಕೂಲಿಕಾರನಿಗೆ, ಊರು ಬಿಟ್ಟು ಮಗನ ಮನೆಗೆ ಹೋದ ವೃದ್ಧೆಗೆ ಇದರ ಅರ್ಥವೇನು? ಸಂಖ್ಯೆ ಹೋದರೆ ಒಟಿಪಿ ಬಾರದು. ಒಟಿಪಿ ಬಾರದಿದ್ದರೆ ಆಧಾರ್‌ಗೆ ಹೊಸ ಸಂಖ್ಯೆ ಜೋಡಿಸಲು ಕೇಂದ್ರಕ್ಕೆ ಅಲೆಯಬೇಕು, ಬಳಿಕ ಬ್ಯಾಂಕಿಗೆ, ಬಳಿಕ ಪಡಿತರ ಅಂಗಡಿಗೆ. ಟ್ರಂಕ್ ಕರೆಗೆ ಕಾಯುತ್ತಿದ್ದವರ ಸಾಲು ಅಳಿದಿಲ್ಲ. ಅದು ಬೇರೆ ಬಾಗಿಲಿನ ಮುಂದೆ ನಿಂತಿದೆ.

ಎಪ್ಪತ್ತು ಅಕ್ಷರಗಳ ಕನ್ನಡ

ಈ ಹೊಣೆಯನ್ನು ಹೊರಲು ಬೇಕಾದ ಮೊದಲ ಸಾಧನ ಭಾಷೆ. ಅಲ್ಲಿಯೂ ತಂತ್ರಜ್ಞಾನದ ಹಳೆಯದೊಂದು ಗಂಟು ಉಳಿದುಕೊಂಡಿದೆ. ಎಸ್‌ಎಂಎಸ್ ರೂಪಿಸಿದವರು ಯುರೋಪಿನ ಅಕ್ಷರಗಳನ್ನು ಗಮನದಲ್ಲಿಟ್ಟುಕೊಂಡು ಒಂದು ಸಂದೇಶಕ್ಕೆ 160 ಅಕ್ಷರಗಳ ಮಿತಿ ಹಾಕಿದರು. ಅದೇ ಸಂದೇಶವನ್ನು ಕನ್ನಡದಲ್ಲಿ ಕಳುಹಿಸಬೇಕಾದರೆ ಯೂನಿಕೋಡ್ ಬಳಸಬೇಕಾಗುತ್ತದೆ; ಆಗ ಮಿತಿ 70ಕ್ಕೆ ಇಳಿಯುತ್ತದೆ. ಕನ್ನಡದಲ್ಲಿ ಕಾಗುಣಿತದ ಗುರುತು, ಒತ್ತಕ್ಷರಗಳೂ ಬೇರೆ ಬೇರೆಯಾಗಿ ಎಣಿಕೆಗೆ ಸೇರುವುದರಿಂದ ಎಪ್ಪತ್ತು ಎಂಬುದು ವಾಸ್ತವದಲ್ಲಿ ಒಂದೆರಡು ವಾಕ್ಯಕ್ಕೂ ಸಾಲದು. ಇಂಗ್ಲಿಷಿನ ಒಂದು ಸಂದೇಶದ ವಿಷಯ ಕನ್ನಡದಲ್ಲಿ ಎರಡು ಮೂರು ಸಂದೇಶಗಳಾಗುತ್ತದೆ, ವೆಚ್ಚವೂ ಅಷ್ಟೇ ಪಟ್ಟು ಏರುತ್ತದೆ. ಕೋಟಿಗಟ್ಟಲೆ ಸಂದೇಶ ಕಳುಹಿಸುವ ಸಂಸ್ಥೆಗಳು ಇಂಗ್ಲಿಷಿಗೆ ಅಂಟಿಕೊಳ್ಳಲು ಉದಾಸೀನದ ಜೊತೆಗೆ ಈ ಲೆಕ್ಕಾಚಾರವೂ ಕಾರಣ.

ಪರಿಣಾಮ ಏನೆಂದರೆ, ‘ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ’ ಎಂಬ ಎಚ್ಚರಿಕೆ ಬಹುತೇಕ ಇಂಗ್ಲಿಷಿನಲ್ಲಿ ಬರುತ್ತದೆ. ‘ನಿಮಗೊಂದು ನಂಬರ್ ಬಂದಿದೆ, ಹೇಳಿ’ ಎಂದು ಕೇಳುವ ವಂಚಕ ಮಾತ್ರ ಅಚ್ಚ ಕನ್ನಡದಲ್ಲಿಯೇ ಮಾತನಾಡಬಲ್ಲ. ಇಂದಿನ ಸ್ಮಾರ್ಟ್‌ಫೋನುಗಳು ಕನ್ನಡವನ್ನು ತೋರಿಸಬಲ್ಲವು, ಬರೆಯಬಲ್ಲವು, ಓದಿ ಹೇಳಲೂ ಬಲ್ಲವು. ಆದ್ದರಿಂದ ಯಂತ್ರಕ್ಕೆ ಭಾಷೆ ಬಾರದೆಂಬ ನೆಪ ಈಗ ಉಳಿದಿಲ್ಲ. ಉಳಿದಿರುವುದು ಕಳುಹಿಸುವವರ ಮನಸ್ಸು ಮತ್ತು ಖರ್ಚಿನ ಪ್ರಶ್ನೆ.

ಮರಳಿ ಬಂದ ಮಧ್ಯವರ್ತಿ

ಒಂದು ಶತಮಾನದ ಶ್ರಮದಿಂದ ತೆಗೆದುಹಾಕಿದ ನಡುವಿನ ಮನುಷ್ಯ ಈಗ ಬೇರೆ ಬೇರೆ ವೇಷಗಳಲ್ಲಿ ಮರಳಿ ಬಂದಿದ್ದಾನೆ. ಮನೆಯಲ್ಲಿ ಆತ ಹತ್ತನೇ ತರಗತಿಯ ಮೊಮ್ಮಗ. ಅಜ್ಜಿಯ ಖಾತೆಯ ಗುಪ್ತಸಂಖ್ಯೆ ಅಜ್ಜಿಗಿಂತ ಅವನಿಗೇ ಚೆನ್ನಾಗಿ ಗೊತ್ತು. ಪೇಟೆಯಲ್ಲಿ ಆತ ಸೈಬರ್ ಕೆಫೆಯವನು. ಸರ್ಕಾರವೂ ಈ ಅಗತ್ಯವನ್ನು ಮನಗಂಡಿದೆ. 2005ರಲ್ಲಿ ಆರಂಭವಾದ ಬೆಂಗಳೂರು ಒನ್, 2022ರಲ್ಲಿ ಹಲವು ಜಿಲ್ಲೆಗಳಿಗೆ ವಿಸ್ತರಿಸಿದ ಗ್ರಾಮ ಒನ್ ಕೇಂದ್ರಗಳು ಹಳದಿ ಫಲಕದ ಬೂತಿನ ವಾರಸುದಾರರೇ ಸರಿ. 2023ರಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿಗೆ ಮಹಿಳೆಯರು ಇಂತಹ ಕೇಂದ್ರಗಳ ಮುಂದೆ ಸಾಲುಗಟ್ಟಿ ನಿಂತದ್ದು, ಎಲ್ಲರ ಕೈಯಲ್ಲೂ ಮೊಬೈಲಿದ್ದ ಕಾಲದಲ್ಲಿಯೇ ಎಂಬುದನ್ನು ಮರೆಯುವಂತಿಲ್ಲ.

ಇನ್ನೊಂದು ವೇಷದ ಮಧ್ಯವರ್ತಿ ಅಪಾಯಕಾರಿ. ಪೊಲೀಸರಂತೆ, ನ್ಯಾಯಾಧೀಶರಂತೆ ವೀಡಿಯೊ ಕರೆಯಲ್ಲಿ ಕಾಣಿಸಿಕೊಂಡು ‘ಡಿಜಿಟಲ್ ಅರೆಸ್ಟ್’ ಎಂದು ಬೆದರಿಸಿ ಹಣ ದೋಚುವ ಜಾಲಗಳು ಬೆಂಗಳೂರಿನ ನಿವೃತ್ತ ಅಧಿಕಾರಿಗಳನ್ನೂ, ಸಾಫ್ಟ್‌ವೇರ್ ತಂತ್ರಜ್ಞರನ್ನೂ ಬಿಟ್ಟಿಲ್ಲ. ಅಂತಹದೊಂದು ಬಂಧನ ಕಾನೂನಿನಲ್ಲಿಯೇ ಇಲ್ಲ ಎಂದು ಪ್ರಧಾನಿ ನರೇಂದ್ರ ಮೋದಿ ಅವರು 2024ರ ಅಕ್ಟೋಬರ್‌ನ ‘ಮನ್ ಕಿ ಬಾತ್’ನಲ್ಲಿ ಎಚ್ಚರಿಸಿದರು. 2025ರಲ್ಲಿ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡು ಡಿಸೆಂಬರ್‌ನಲ್ಲಿ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ವಿದ್ಯಾವಂತರೂ ಮೋಸಹೋಗುತ್ತಾರೆಂದರೆ ಇದು ಅಕ್ಷರ ಜ್ಞಾನದ ಕೊರತೆಯಷ್ಟೇ ಅಲ್ಲ. ವ್ಯವಸ್ಥೆಯ ಒಡಲಲ್ಲಿ ಏನು ನಡೆಯುತ್ತಿದೆಯೆಂದು ಕಾಣದಿದ್ದಾಗ, ಅಧಿಕಾರದ ದನಿಯಲ್ಲಿ ಮಾತನಾಡುವ ಯಾರನ್ನಾದರೂ ನಂಬಬೇಕಾದ ಸ್ಥಿತಿ ಎಲ್ಲರಿಗೂ ಒದಗುತ್ತದೆ.

ಹಣ ಹೋದ ಮೇಲೆ ಹೊಣೆ ಯಾರದು ಎಂಬ ಪ್ರಶ್ನೆಗೆ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಸುತ್ತೋಲೆಯೊಂದರ ಮೂಲಕ ಉತ್ತರ ನೀಡಿತು. ಬ್ಯಾಂಕಿನ ಲೋಪವಾದರೆ ಗ್ರಾಹಕನಿಗೆ ನಷ್ಟವಿಲ್ಲ. ಇಬ್ಬರದೂ ತಪ್ಪಿಲ್ಲದ ಪ್ರಕರಣದಲ್ಲಿ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಆಗಲೂ ನಷ್ಟವಿಲ್ಲ. ಆದರೆ ಗುಪ್ತಸಂಖ್ಯೆಯನ್ನು ಗ್ರಾಹಕನೇ ಹೇಳಿಕೊಟ್ಟಿದ್ದರೆ, ದೂರು ನೀಡುವವರೆಗಿನ ನಷ್ಟವೆಲ್ಲ ಅವನದೇ. ನಿಯಮ ತರ್ಕಬದ್ಧವಾಗಿಯೇ ಕಾಣುತ್ತದೆ. ಆದರೆ ಇಂದಿನ ವಂಚನೆಗಳ ಮುಖ್ಯ ತಂತ್ರವೇ ಗ್ರಾಹಕನ ಬಾಯಿಂದ ಸಂಖ್ಯೆ ಹೊರಡಿಸುವುದು, ಅವನ ಬೆರಳಿನಿಂದಲೇ ಹಣ ಕಳುಹಿಸುವಂತೆ ಮಾಡುವುದು. ಹಾಗಾಗಿ ರಕ್ಷಣೆ ಎಲ್ಲಿ ಹೆಚ್ಚು ಬೇಕೋ ಅಲ್ಲಿಯೇ ಈ ನಿಯಮ ಕೈಬಿಟ್ಟಿತು.

ಸರಿದೂಗಿಸುವ ದಾರಿ

ಹಾಗೆಂದು ಯಾರೂ ಕಪ್ಪು ಫೋನಿನ ಕಾಲಕ್ಕೆ ಮರಳಬೇಕಿಲ್ಲ, ಮರಳಲೂ ಆಗದು. ಸರ್ಕಾರ ಮತ್ತು ನಿಯಂತ್ರಕ ಸಂಸ್ಥೆಗಳು ಸುಮ್ಮನೆ ಕುಳಿತಿವೆ ಎಂದೂ ಹೇಳಲಾಗದು. ಸೈಬರ್ ವಂಚನೆ ನಡೆದ ಕೂಡಲೇ ಹಣ ತಡೆಹಿಡಿಸಲು 1930 ಸಹಾಯವಾಣಿ ಇದೆ. ಕಳೆದ ಫೋನನ್ನು ನಿಷ್ಕ್ರಿಯಗೊಳಿಸಲು ಮತ್ತು ತಮ್ಮ ಹೆಸರಿನಲ್ಲಿರುವ ಸಂಪರ್ಕಗಳನ್ನು ನೋಡಲು 2023ರಲ್ಲಿ ‘ಸಂಚಾರ್ ಸಾಥಿ’ ಆರಂಭವಾಯಿತು. ಆದರೆ 2025ರ ಡಿಸೆಂಬರ್‌ನಲ್ಲಿ ಅದರ ಆ್ಯಪ್ ಅನ್ನು ಎಲ್ಲ ಹೊಸ ಫೋನುಗಳಲ್ಲಿ ಕಡ್ಡಾಯವಾಗಿ ಅಳವಡಿಸಬೇಕೆಂಬ ಆದೇಶಕ್ಕೆ ಖಾಸಗಿತನದ ಆಧಾರದ ಮೇಲೆ ವಿರೋಧ ಬಂದು, ಕೆಲವೇ ದಿನಗಳಲ್ಲಿ ಕಡ್ಡಾಯವನ್ನು ಹಿಂಪಡೆಯಬೇಕಾಯಿತು. ಸ್ಮಾರ್ಟ್‌ಫೋನ್ ಇಲ್ಲದವರಿಗಾಗಿ 2022ರ ಮಾರ್ಚ್‌ನಲ್ಲಿ ‘ಯುಪಿಐ 123ಪೇ’ ಬಂದಿತು. ಎಸ್‌ಎಂಎಸ್ ಒಟಿಪಿಯ ಹೊರತಾದ ದೃಢೀಕರಣ ವಿಧಾನಗಳಿಗೂ ದಾರಿ ಮಾಡುವ ನಿರ್ದೇಶನವನ್ನು ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿತು.

ಇವೆಲ್ಲ ಸ್ವಾಗತಾರ್ಹ ಕ್ರಮಗಳು. ಆದರೆ ಇವುಗಳಲ್ಲಿ ಹೆಚ್ಚಿನವು ಯಂತ್ರಕ್ಕೆ ಮತ್ತೊಂದು ಯಂತ್ರವನ್ನೇ ಮದ್ದಾಗಿ ಸೂಚಿಸುತ್ತವೆ. ಕೊರತೆ ಇರುವುದು ಬೇರೆಡೆ. ಮೊದಲನೆಯದಾಗಿ, ಜೀವನಾವಶ್ಯಕ ಸೇವೆಯೊಂದಕ್ಕೆ ಮೊಬೈಲ್ ಸಂಖ್ಯೆಯೇ ಏಕೈಕ ಬಾಗಿಲಾಗಬಾರದು. ಪಡಿತರ, ಪಿಂಚಣಿ, ಬ್ಯಾಂಕು ಖಾತೆಗಳಿಗೆ ಕಾಗದದ ಅಥವಾ ಮುಖತಃ ಗುರುತಿಸುವ ಪರ್ಯಾಯ ದಾರಿ ಕಾನೂನಿನಲ್ಲಿಯೂ ಕಚೇರಿಯಲ್ಲಿಯೂ ಉಳಿಯಬೇಕು. ಎರಡನೆಯದಾಗಿ, ಬ್ಯಾಂಕು ಮತ್ತು ದೂರಸಂಪರ್ಕ ಸಂಸ್ಥೆಗಳು ಕಳುಹಿಸುವ ಎಚ್ಚರಿಕೆಯ ಸಂದೇಶಗಳು ಗ್ರಾಹಕ ಆಯ್ದ ಭಾಷೆಯಲ್ಲಿರುವುದು ಕಡ್ಡಾಯವಾಗಬೇಕು; ಎಪ್ಪತ್ತು ಅಕ್ಷರಗಳ ಹೆಚ್ಚುವರಿ ವೆಚ್ಚವನ್ನು ಆ ಸಂಸ್ಥೆಗಳೇ ಭರಿಸಲಿ. ಮೂರನೆಯದಾಗಿ, ಅಸಹಜ ವಹಿವಾಟನ್ನು ಗುರುತಿಸಿ ತಡೆಯುವ ಸಾಮರ್ಥ್ಯ ಬ್ಯಾಂಕಿಗಿದೆ, ಗ್ರಾಹಕನಿಗಿಲ್ಲ. ಎಪ್ಪತ್ತು ವರ್ಷದ ಪಿಂಚಣಿದಾರನ ಖಾತೆಯಿಂದ ಒಂದೇ ಮಧ್ಯಾಹ್ನ ಜೀವಮಾನದ ಉಳಿತಾಯ ಅಪರಿಚಿತ ಖಾತೆಗಳಿಗೆ ಹರಿದುಹೋದರೆ, ನಷ್ಟದ ಒಂದು ಪಾಲನ್ನು ಹೊರುವ ಹೊಣೆ ತಡೆಯಬಲ್ಲವರ ಮೇಲೂ ಬೀಳಬೇಕು. ನಾಲ್ಕನೆಯದಾಗಿ, ಗ್ರಾಮ ಒನ್‌ನಂತಹ ಕೇಂದ್ರಗಳಲ್ಲಿ ಅರ್ಜಿ ತುಂಬುವುದರ ಜೊತೆಗೆ ಸಂಖ್ಯೆ ಬದಲಾವಣೆ, ವಂಚನೆಯ ದೂರು ದಾಖಲಿಸುವುದಕ್ಕೂ ತರಬೇತಾದ ಒಬ್ಬರು ಇರಬೇಕು.

ಧೂಳಿಗೆ, ಸೆಕೆಗೆ, ಹಳ್ಳಿಯ ವಿದ್ಯುತ್ತಿಗೆ ಯಂತ್ರವೇ ಹೊಂದಿಕೊಳ್ಳಬೇಕೆಂದು ಸಿ-ಡಾಟ್ ತಂತ್ರಜ್ಞರು ತೀರ್ಮಾನಿಸಿದ್ದರಿಂದ ಕಿತ್ತೂರಿನ ಪುಟ್ಟ ವಿನಿಮಯ ಕೇಂದ್ರ ಸಾಧ್ಯವಾಯಿತು. ಹಳ್ಳಿಗೆ ಹವಾನಿಯಂತ್ರಣ ಬರಲೆಂದು ಅವರು ಕಾಯಲಿಲ್ಲ. ಈಗ ವೃದ್ಧರು, ಕೂಲಿಕಾರರು, ಇಂಗ್ಲಿಷ್ ಬಾರದವರು ಬದಲಾಗಿ ಬರಲಿ ಎಂದು ಯಂತ್ರ ಕಾಯುತ್ತಿದೆ. ಮುಂದುವರಿದ ತಂತ್ರಜ್ಞಾನವೆಂಬ ಹೆಸರಿಗೆ ಅದು ತಕ್ಕುದಾಗಬೇಕಾದರೆ ಆ ಹಳೆಯ ತೀರ್ಮಾನವನ್ನು ಮತ್ತೊಮ್ಮೆ ಕೈಗೊಳ್ಳಬೇಕಾಗಿದೆ.